ಮದುವೆಗೆ ಎರಡು ತಿಂಗಳಿದೆ, ಅತಿಮಧುರ-ನಿಂಬೆ ಲೇಪದಿಂದ ಬೆಳ್ಳಗಾಗಬಹುದಾ?

ನನಗಿದ್ದದ್ದು ನಲವತ್ತೇ ದಿನ. ನಿಶ್ಚಿತಾರ್ಥದಲ್ಲಿ ಹುಡುಗನ ಸೋದರತ್ತೆ "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಒಂಚೂರು..." ಅಂತ ಅರ್ಧಕ್ಕೇ ನಿಲ್ಲಿಸಿದ್ದರು. ಉಳಿದರ್ಧ ನಾನೇ ತುಂಬಿಕೊಂಡೆ.

ಗ್ರಂಥಿಗೆ ಅಂಗಡಿಯಿಂದ ಅತಿಮಧುರದ ಪುಡಿ, ಕಸ್ತೂರಿ ಅರಿಶಿನ ತಂದು ಹಾಲಲ್ಲಿ ಕಲಸಿದೆ. ಅಷ್ಟಕ್ಕೇ ನಿಂತಿದ್ದರೆ ಏನೂ ಆಗ್ತಿರಲಿಲ್ಲ. ಬೆಳ್ಳಗೂ ಆಗ್ತಿರಲಿಲ್ಲ, ಅದು ಬೇರೆ ಮಾತು. ನಾನು ಅದಕ್ಕೆ ನಿಂಬೆಹಣ್ಣು ಹಿಂಡಿದೆ. ಹಿಂಡಿದ ಹೋಳು ಎಸೆಯೋಕೆ ಮನಸ್ಸಾಗದೆ ಸಿಪ್ಪೆ ಸಮೇತ ಕುತ್ತಿಗೆಗೆ ಉಜ್ಜಿದೆ. ಬೇಗ ಒಣಗಲಿ ಅಂತ ತಾರಸಿಗೆ ಹೋದೆ. ಏಪ್ರಿಲ್ ತಿಂಗಳು, ಹನ್ನೊಂದು ಗಂಟೆ, ದಾವಣಗೆರೆ ಬಿಸಿಲು. ಅಮ್ಮನ ಹಪ್ಪಳದ ಪಕ್ಕ ನಾನೂ ಒಣಗ್ತಾ ಕೂತೆ.

ಅವತ್ತು ಏನೂ ಆಗಲಿಲ್ಲ, ಅದೇ ಮೋಸ. ಎರಡನೇ ದಿನ ಉರಿ, ಆಮೇಲೆ ಗುಳ್ಳೆ. ವಾರ ಕಳೆಯೋದರೊಳಗೆ ರಸ ಇಳಿದ ದಾರಿಯಲ್ಲೆಲ್ಲ ಕಂದು ಗೆರೆ, ಯಾರೋ ಬ್ರಷ್‌ನಲ್ಲಿ ಎಳೆದ ಹಾಗೆ. ಚರ್ಮದ ಡಾಕ್ಟರು ನೋಡಿದ ಕೂಡಲೇ "ನಿಂಬೆ ಹಚ್ಚಿ ಬಿಸಿಲಿಗೆ ಹೋದ್ರಾ?" ಅಂದರು. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಸೋರಾಲೆನ್ ಜಾತಿಯ ರಾಸಾಯನಿಕಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲಿನ ಯುವಿ-ಎ ಕಿರಣ ಬಿದ್ದರೆ ಚರ್ಮ ಸುಟ್ಟು, ಆ ಜಾಗ ಕಪ್ಪಾಗುತ್ತೆ. ತೊನ್ನಿಗೆ ಬಾವಂಚಿ ಅನ್ನೋ ಗಿಡಮೂಲಿಕೆ ಹಚ್ಚಿ ಬಿಸಿಲಿಗೆ ಕೂರಿಸ್ತಾರಲ್ಲ, ಅದರಲ್ಲಿರೋದೂ ಇದೇ. ಅಂದರೆ ಬಿಳಿ ಮಚ್ಚೆಗೆ ಬಣ್ಣ ಬರಿಸೋ ಚಿಕಿತ್ಸೆಯನ್ನ ನಾನು ಬೆಳ್ಳಗಾಗೋಕೆ ಮಾಡ್ಕೊಂಡಿದ್ದೆ! ಸಿಪ್ಪೆ ಉಜ್ಜದೇ ಇದ್ದಿದ್ದರೆ, ಹೋಗಲಿ, ಉಜ್ಜಿದ ಮೇಲೆ ಚೆನ್ನಾಗಿ ತೊಳೆದು ಒಳಗೇ ಫ್ಯಾನ್ ಕೆಳಗೆ ಕೂತಿದ್ದರೆ... ಎಷ್ಟು ಸಲ ಯೋಚಿಸಿದೀನೋ.

ಅತಿಮಧುರ ಸುಳ್ಳಲ್ಲ. ಅದರಲ್ಲಿರೋ ಗ್ಲಾಬ್ರಿಡಿನ್ ಅನ್ನೋ ಅಂಶ, ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ತಯಾರಿಸೋ ಟೈರೋಸಿನೇಸ್ ಕಿಣ್ವಕ್ಕೆ ಅಡ್ಡಿ ಮಾಡುತ್ತೆ. ಆದರೆ ಅಳತೆ ಮಾಡಿ ತೆಗೆದ ಸಾರ ಬೇರೆ, ನಾವು ಹಾಲಲ್ಲಿ ಕಲಸೋ ಪುಡಿ ಬೇರೆ. ಸಾರ ಹಚ್ಚಿದರೂ ಕಲೆ, ಬಂಗು ಸ್ವಲ್ಪ ತಿಳಿಯಾಗಬಹುದು, ಹುಟ್ಟಿದ ಬಣ್ಣ ಅಲ್ಲ. ವಾರದಲ್ಲೇ ಬೆಳ್ಳಗೆ ಮಾಡೋ ಚೀಟಿಯಿಲ್ಲದ "ಹರ್ಬಲ್" ಡಬ್ಬಿ ಯಾರಾದರೂ ಕೊಟ್ಟರೆ ಮುಟ್ಟಲೇಬೇಡಿ, ಅಂಥದರಲ್ಲಿ ಸ್ಟೀರಾಯ್ಡೋ ಪಾದರಸವೋ ಸಿಕ್ಕಿದ್ದುಂಟು.

ನನ್ನ ಕೇಳಿದರೆ, ಈ ಎರಡು ತಿಂಗಳು ಸನ್‌ಸ್ಕ್ರೀನ್ ಹಚ್ಚಿ, ಚೆನ್ನಾಗಿ ನಿದ್ದೆ ಮಾಡಿ. ಬಣ್ಣ ಸಾಲದು ಅಂದವರು ಹುಡುಗನ ಕಡೆಯವರಾದರೆ ಹುಡುಗನ ಹತ್ತಿರವೇ ಮಾತಾಡಿ. ನಾನು ಮಾತಾಡಲಿಲ್ಲ. ಮೇ ಸೆಕೆಯಲ್ಲಿ ಕುತ್ತಿಗೆ ಮುಚ್ಚೋ ರವಿಕೆ ಹೊಲಿಸಿಕೊಂಡು ಧಾರೆಗೆ ಕೂತೆ. ಗೌರಿ ಹಬ್ಬದ ಹೊತ್ತಿಗೆ ಗೆರೆಗಳು ಮಾಸಿ, ಬಣ್ಣ ಮೊದಲಿದ್ದಲ್ಲಿಗೇ ಬಂತು.