7 ತಿಂಗಳ ಮಗುವಿಗೆ ಹಾರ್ಟ್ ಪಂಪ್ ಹಾಕಿಸಬೇಕಾ?

ಪ್ರಶ್ನೆ: ನಮ್ಮ ಮಗಳಿಗೆ 7 ತಿಂಗಳು, ತೂಕ 6 ಕೆಜಿ. ಹೃದಯ ಹಿಗ್ಗಿ ಸೋತುಹೋಗಿದೆ, ಕಸಿ ಮಾಡಲೇಬೇಕು ಎಂದಿದ್ದಾರೆ. ಒಂದು ವಾರದಿಂದ ಎಕ್ಮೋದಲ್ಲಿದ್ದಾಳೆ (ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಯಂತ್ರ). ಹೃದಯ ಸಿಗುವವರೆಗೆ ಬರ್ಲಿನ್ ಹಾರ್ಟ್ ಪಂಪ್ ಹಾಕೋಣ ಅಂತಾರೆ. ಎಕ್ಮೋವನ್ನೇ ಮುಂದುವರಿಸಬಾರದಾ ಡಾಕ್ಟ್ರೇ? ಮತ್ತೊಂದು ಆಪರೇಷನ್ ಅಂದರೆ ಕೈಕಾಲು ನಡುಗುತ್ತದೆ.

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ಆದರೂ ನೇರವಾಗಿ ಹೇಳುತ್ತೇನೆ, ಮೆದುಳಿನ ಸ್ಕ್ಯಾನ್ ಚೆನ್ನಾಗಿದ್ದು ಶ್ವಾಸಕೋಶ ಸುಧಾರಿಸಿದ್ದರೆ ಸುಮ್ನೆ ದಿನ ದೂಡಬೇಡಿ. ಎಕ್ಮೋ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳ ಆಸರೆ. ದಿನ ಕಳೆದಂತೆ ರಕ್ತಸ್ರಾವ, ಸೋಂಕು, ಕಿಡ್ನಿ ತೊಂದರೆ ಜಾಸ್ತಿಯಾಗುತ್ತವೆ. ಹೊಂದುವ ಹೃದಯಕ್ಕೋ ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಅದು ಇನ್ನೊಂದು ಪುಟ್ಟ ಮಗುವಿನಿಂದಲೇ ಬರಬೇಕು ಅಲ್ವಾ?

ಈ ಪಂಪ್ ದೇಹದ ಹೊರಗೇ ಇರುತ್ತದೆ. ಎಡ ಹೃತ್ಕುಕ್ಷಿಯಿಂದ (ಹೃದಯದ ಕೆಳಗಿನ ಎಡ ಕೋಣೆ) ಒಂದು ಕೊಳವೆ ರಕ್ತವನ್ನು ಪಂಪಿಗೆ ತರುತ್ತದೆ, ಇನ್ನೊಂದು ಅದನ್ನು ದೇಹಕ್ಕೆಲ್ಲ ರಕ್ತ ಹಂಚುವ ಮಹಾಪಧಮನಿಗೆ ಒಯ್ಯುತ್ತದೆ. ಗಾಳಿಯ ಒತ್ತಡದಿಂದ ಒಳಗಿನ ಪೊರೆ ಮೇಲೆ ಕೆಳಗೆ ಆಡುತ್ತದೆ. ಅತಿ ಚಿಕ್ಕ ಪಂಪ್ 10 ಮಿಲಿಯದು, ಕೂಸುಗಳಿಗೆಂದೇ ಮಾಡಿದ್ದು. 1990ರಿಂದಲೂ ಮಕ್ಕಳಿಗೆ ಬಳಸುತ್ತಿದ್ದಾರೆ, ಅಮೆರಿಕದಲ್ಲಿ 2011ರಲ್ಲಿ ಅನುಮತಿ ಸಿಕ್ಕಿತು. ಹೃದಯದ ಬಲಭಾಗವೂ ತೀರಾ ಸೋತಿದ್ದರೆ ಎರಡು ಪಂಪ್ ಬೇಕಾಗಬಹುದು.

ನನ್ನ ದೃಷ್ಟಿಯಲ್ಲಿ ದೊಡ್ಡ ಲಾಭ ಬೇರೆಯೇ ಇದೆ. ರಕ್ತ ಸರಿಯಾಗಿ ಹರಿದರೆ ಕಿಡ್ನಿ, ಲಿವರ್ ಚೇತರಿಸಿಕೊಳ್ಳುತ್ತವೆ, ಎಷ್ಟೋ ಮಕ್ಕಳಿಗೆ ವೆಂಟಿಲೇಟರ್ ತೆಗೆಯಬಹುದು, ಹಾಲು ಕುಡಿದು ತೂಕ ಏರುತ್ತದೆ, ನರ್ಸ್ ಸಹಾಯದಿಂದ ನೀವು ಎತ್ತಿಕೊಳ್ಳಲೂಬಹುದು. ಬಲ ಬಂದ ಮಗು ಕಸಿಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಅಪಾಯ ಇಲ್ಲ ಎಂದರೆ ಸುಳ್ಳಾಗುತ್ತದೆ. ಪಂಪಿನೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಸ್ಟ್ರೋಕ್. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸುಮಾರು 29% ಮಕ್ಕಳಿಗೆ ಸ್ಟ್ರೋಕ್ ಆಗಿತ್ತು. ಅದಕ್ಕೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಕೊಡುತ್ತಾರೆ. ಹಲವು ಕಡೆ ಈಗ ಹೆಪಾರಿನ್ ಬದಲು ಬೈವಾಲಿರುಡಿನ್ ಬಳಸುತ್ತಾರೆ. ಪಂಪ್ ಪಾರದರ್ಶಕ, ಹಾಗಾಗಿ ಟಾರ್ಚ್ ಬಿಟ್ಟು ಹೆಪ್ಪು ಹುಡುಕುತ್ತಾರೆ, ಕಂಡರೆ ಪಂಪನ್ನೇ ಬದಲಿಸಬಹುದು. 5 ಕೆಜಿಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಅಪಾಯ ಇನ್ನೂ ಜಾಸ್ತಿ, ನಿಮ್ಮ ಮಗಳು ಅದನ್ನು ದಾಟಿದ್ದಾಳೆ.

ಕೊಳವೆ ಹೊರಬರುವ ಜಾಗದ ಡ್ರೆಸಿಂಗ್ ಬಗ್ಗೆ ಹುಷಾರಾಗಿರಿ, ಸೋಂಕು ಅಲ್ಲಿಂದಲೇ ಶುರುವಾಗಬಹುದು.

ಇನ್ನೊಂದು ವಿಷಯವನ್ನು ತಪ್ಪದೇ ಕೇಳಿ: ಬೇರೆ ಬ್ಲಡ್ ಗ್ರೂಪಿನ ಹೃದಯವೂ ಆಗಬಹುದಾ ಅಂತ. ಈ ವಯಸ್ಸಿನಲ್ಲಿ ಬೇರೆ ಗ್ರೂಪಿನ ರಕ್ತದ ವಿರುದ್ಧ ಹೋರಾಡುವ ಪ್ರತಿಕಾಯಗಳು (ಆಂಟಿಬಾಡಿ) ಇನ್ನೂ ಕಡಿಮೆ ಇರುವುದರಿಂದ ಇದು ಸಾಧ್ಯ. ಕೆನಡಾದ ಟೊರೊಂಟೊದಲ್ಲಿ ಇಂಥ ಕಸಿ 1996ರಲ್ಲೇ ಶುರುವಾಯಿತು. ಬೇರೆ ಗ್ರೂಪಿನ ಹೃದಯಕ್ಕೆ ಕಾಯುವವರ ಪಟ್ಟಿಗೂ ಹೆಸರು ಸೇರಿದರೆ ಕಾಯುವ ಕಾಲ ಕಡಿಮೆಯಾಗಬಹುದು.