ಮೊದಲ ಓವರ್‌ಕ್ಲಾಕಿಂಗ್ ಕಂಪ್ಯೂಟರಿಗೆ ಯಾವ ಭಾಗಗಳು?

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿ. ಕಂಪ್ಯೂಟರಿಗೆಂದು ಮನೆಯಲ್ಲಿ 70 ಸಾವಿರ ರೂಪಾಯಿ ಕೊಡಲು ಒಪ್ಪಿದ್ದಾರೆ. ಮಾನಿಟರ್ ಈಗಾಗಲೇ ಇದೆ, ಗ್ರಾಫಿಕ್ಸ್ ಕಾರ್ಡನ್ನು ಮುಂದಿನ ವರ್ಷ ಕೊಳ್ಳುವ ಯೋಚನೆಯಿದೆ. ಓವರ್‌ಕ್ಲಾಕಿಂಗ್, ಅಂದರೆ ಭಾಗಗಳನ್ನು ಕಾರ್ಖಾನೆ ಗೊತ್ತುಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದನ್ನು, ಕಲಿಯಬೇಕೆಂಬುದು ನನ್ನ ಬಹುದಿನದ ಆಸೆ. ಇಲ್ಲಿನ ಅಂಗಡಿಯವರು ಕೋರ್ ಐ7-14700 ಪ್ರೊಸೆಸರ್, ಬಿ760 ಮದರ್‌ಬೋರ್ಡ್, 8 ಜಿಬಿಯ ನಾಲ್ಕು ರ‍್ಯಾಮ್ ಪಟ್ಟಿಗಳು ಮತ್ತು ಕ್ಯಾಬಿನೆಟ್ಟಿನ ಜೊತೆಗೇ ಬರುವ 450 ವ್ಯಾಟ್‌ನ ಎಸ್‌ಎಂಪಿಎಸ್ (ಭಾಗಗಳಿಗೆಲ್ಲ ವಿದ್ಯುತ್ ಪೂರೈಸುವ ಪೆಟ್ಟಿಗೆ) ಸೇರಿಸಿ ಕೊಟೇಶನ್ ಬರೆದುಕೊಟ್ಟಿದ್ದಾರೆ. ಇದು ಸರಿಯಾದ ಆಯ್ಕೆಯೇ? ನಮ್ಮೂರಿನ ಬೇಸಿಗೆಯಲ್ಲಿ ಓವರ್‌ಕ್ಲಾಕ್ ಮಾಡಲು ಸಾಧ್ಯವೇ?
– ಓದುಗರು, ಕಲಬುರಗಿ

ಉತ್ತರ: ದಯವಿಟ್ಟು ಈ ಕೊಟೇಶನ್ನಿನಂತೆ ಕೊಳ್ಳಬೇಡಿ. ಅದರಲ್ಲಿರುವ ಪ್ರೊಸೆಸರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ನೀವು ಕಲಿಯಬೇಕೆಂದಿರುವ ವಿದ್ಯೆಗೆ ಅದು ಬಾಗಿಲು ಹಾಕಿಕೊಂಡಿದೆ. ಪ್ರೊಸೆಸರಿನ ವೇಗವೆಂದರೆ 100 ಮೆಗಾಹರ್ಟ್ಸ್‌ನ ಮೂಲ ಗಡಿಯಾರವನ್ನು ಮಲ್ಟಿಪ್ಲೈಯರ್ ಎಂಬ ಸಂಖ್ಯೆಯಿಂದ ಗುಣಿಸಿದಾಗ ಬರುವ ಗುಣಲಬ್ಧ. ಇಂಟೆಲ್ ಪ್ರೊಸೆಸರುಗಳಲ್ಲಿ ಹೆಸರಿನ ಕೊನೆಯಲ್ಲಿ ‘ಕೆ’ ಅಕ್ಷರವಿದ್ದರೆ ಮಾತ್ರ ಈ ಮಲ್ಟಿಪ್ಲೈಯರನ್ನು ಏರಿಸಲು ಅವಕಾಶವಿರುತ್ತದೆ, ಅದೂ ‘ಝಡ್’ ಸರಣಿಯ ಮದರ್‌ಬೋರ್ಡಿನಲ್ಲಿ ಕೂರಿಸಿದಾಗ. ನಿಮಗೆ ಬರೆದುಕೊಟ್ಟ ಚಿಪ್ಪಿನಲ್ಲಿ ‘ಕೆ’ ಇಲ್ಲ, ಬೋರ್ಡು ‘ಬಿ’ ಸರಣಿಯದು. ಆ ಬೋರ್ಡಿನಲ್ಲಿ ರ‍್ಯಾಮಿನ ವೇಗವನ್ನು ಬದಲಿಸಬಹುದೇ ಹೊರತು ಪ್ರೊಸೆಸರಿನದನ್ನಲ್ಲ.

ಭಾಗಗಳ ಮಾತಿಗೆ ಮೊದಲು ನಿರೀಕ್ಷೆಯ ಮಾತನ್ನು ಆಡಿಬಿಡೋಣ. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪಿನ ಬಸ್ ವೇಗವನ್ನು, ಅಂದರೆ ಆಗಿನ ಮೂಲ ಗಡಿಯಾರವನ್ನು, 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ, 300 ಮೆಗಾಹರ್ಟ್ಸ್‌ನ ಆ ಚಿಪ್ಪು 450ರಲ್ಲಿ ಓಡುತ್ತಿತ್ತು. ಕೊಟ್ಟ ಹಣಕ್ಕೆ ಒಂದೂವರೆ ಪಟ್ಟು ವೇಗ ಸಿಗುತ್ತಿತ್ತು. ಇಂದು ಆ ಉಳಿಕೆಯನ್ನು ಕಾರ್ಖಾನೆಯೇ ಬಳಸಿಕೊಂಡಿರುತ್ತದೆ. ಎಎಂಡಿ ಕಂಪನಿಯ ರೈಜನ್ 5 7600 ಪ್ರೊಸೆಸರಿನ ಮೂಲವೇಗ 3.8 ಗಿಗಾಹರ್ಟ್ಸ್ ಎಂದಿದ್ದರೂ ಬಿಸಿ ಮತ್ತು ವಿದ್ಯುತ್ತಿನ ಮಿತಿಯೊಳಗೆ ಅದು ತಾನಾಗಿಯೇ 5.1ರವರೆಗೆ ಏರುತ್ತದೆ. ಅದರ ಮೇಲೆ ನಿಮ್ಮ ಕೈಯಿಂದ ಸೇರುವುದು ಶೇಕಡಾ ಕೆಲವೇ ಅಂಶ. ಹಾಗೆಂದು ಈ ಕಲಿಕೆ ವ್ಯರ್ಥವಲ್ಲ. ವೋಲ್ಟೇಜು, ಶಾಖ, ಸ್ಥಿರತೆ ಇವುಗಳ ಸಂಬಂಧವನ್ನು ಸ್ವಂತ ಯಂತ್ರದ ಮೇಲೆ ಅಳೆದು ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ವಿದ್ಯಾರ್ಥಿಗೆ ಸಿಗುವುದು ಕಷ್ಟವೆಂದು ನಾನು ನಿಜವಾಗಿಯೂ ನಂಬಿದ್ದೇನೆ. ಆದ್ದರಿಂದ ನಿಮ್ಮ ಹಣ ದುಬಾರಿ ಚಿಪ್ಪಿಗಿಂತ, ತಪ್ಪುಗಳನ್ನು ತಾಳಿಕೊಳ್ಳುವ ಬೋರ್ಡು, ಎಸ್‌ಎಂಪಿಎಸ್ ಮತ್ತು ಕೂಲರುಗಳಿಗೆ ಹೋಗಬೇಕು.

ನನ್ನ ಸಲಹೆ ಆ ರೈಜನ್ 5 7600 ಚಿಪ್ಪೇ. ಆರು ಕೋರುಗಳ ಈ ಚಿಪ್ಪಿನಲ್ಲಿ ಚಿಕ್ಕದೊಂದು ಗ್ರಾಫಿಕ್ಸ್ ಭಾಗವೂ ಇರುವುದರಿಂದ ಕಾರ್ಡು ಇಲ್ಲದೆಯೇ ಒಂದು ವರ್ಷ ನಡೆಸಬಹುದು. ಇದಕ್ಕಿಂತ ಅಗ್ಗವಾದ 7500ಎಫ್‌ನಲ್ಲಿ ಆ ಅನುಕೂಲವಿಲ್ಲ. 7600ಎಕ್ಸ್‌ಗೆ ಹೆಚ್ಚು ಹಣ ಕೊಡುವುದೂ ಬೇಡ, ಏಕೆಂದರೆ 7600ರ ವಿದ್ಯುತ್ ಮಿತಿಯನ್ನು ಬಯೋಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಸಡಿಲಿಸಿದರೆ ಅದು ಎಕ್ಸ್‌ನ ಹತ್ತಿರಕ್ಕೆ ಬಂದು ನಿಲ್ಲುತ್ತದೆ, ಆ ಸಡಿಲಿಸುವ ಕ್ರಮವೇ ನಿಮ್ಮ ಮೊದಲ ಪಾಠವಾಗುತ್ತದೆ. ಬೋರ್ಡು ಬಿ650 ಅಥವಾ ಬಿ850 ಆಗಿರಲಿ, ಇವು ಎಎಂಡಿ ಚಿಪ್ಪುಗಳ ಬೋರ್ಡುಗಳಾದ್ದರಿಂದ ಇಂಟೆಲ್‌ನ ‘ಬಿ’ ಸರಣಿಗಿರುವ ತಡೆ ಇವಕ್ಕಿಲ್ಲ. ಎ620 ಬೋರ್ಡಿನಲ್ಲಿ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲಾಗದು. ಬೋರ್ಡನ್ನು ಕೈಯಲ್ಲಿ ಹಿಡಿದು ನೋಡುವಾಗ ಮೂರು ಸಂಗತಿಗಳನ್ನು ಗಮನಿಸಿ: ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ವಿಆರ್‌ಎಂ ಭಾಗದ ಮೇಲೆ ದಪ್ಪನೆಯ ಹೀಟ್‌ಸಿಂಕ್ ಇದೆಯೇ, ಯಂತ್ರ ಎಲ್ಲಿ ಸಿಕ್ಕಿಕೊಂಡಿದೆಯೆಂದು ತೋರಿಸುವ ಪುಟ್ಟ ದೀಪಗಳಿವೆಯೇ, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸ್ ತುಂಬುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದೆಯೇ. ಬಣ್ಣದ ದೀಪಗಳಿಗೆ ಕೊಡುವ ಹಣವನ್ನು ಈ ಗುಂಡಿಗೆ ಕೊಟ್ಟರೆ, ತಪ್ಪು ಬಯೋಸ್‌ನಿಂದ ಬೋರ್ಡು ಏಳದೆ ಹೋದ ದಿನ ಅದರ ಬೆಲೆ ಗೊತ್ತಾಗುತ್ತದೆ.

ಇನ್ನು ನೀವು ಕೇಳಿರುವ ಬೇಸಿಗೆಯ ವಿಚಾರ. ಫ್ಯಾನಿನ ಕೂಲರಾಗಲಿ ನೀರಿನ ಕೂಲರಾಗಲಿ, ಚಿಪ್ಪನ್ನು ಕೋಣೆಯ ಉಷ್ಣತೆಗಿಂತ ಕೆಳಕ್ಕೆ ಇಳಿಸಲಾರದು. 25 ಡಿಗ್ರಿಯ ಕೋಣೆಯಲ್ಲಿ 75 ಡಿಗ್ರಿ ಮುಟ್ಟುವ ಚಿಪ್ಪು ಅದೇ ಕೆಲಸಕ್ಕೆ ಕಲಬುರಗಿಯ ಮೇ ತಿಂಗಳ 40 ಡಿಗ್ರಿಯಲ್ಲಿ ಹೆಚ್ಚುಕಡಿಮೆ 90ನ್ನು ಮುಟ್ಟುತ್ತದೆ, 7600ರ ಮಿತಿಯಿರುವುದೋ 95. ವೇಗ ಏರಿಸಲು ವೋಲ್ಟೇಜು ಏರಿಸಿದರೆ ಶಾಖ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಅದಕ್ಕಿಂತ ಬೇಗ ಏರುತ್ತದೆ. ಚಿಪ್ಪು ಉಣ್ಣುವ ವಿದ್ಯುತ್ತು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುವುದರಿಂದ, ವೇಗವನ್ನು ಶೇ 5ರಷ್ಟು ಏರಿಸಲು ವೋಲ್ಟೇಜನ್ನು ಶೇ 10ರಷ್ಟು ಏರಿಸಬೇಕಾಗಿ ಬಂದರೆ ಶಾಖ ಸುಮಾರು ಶೇ 27ರಷ್ಟು ಹೆಚ್ಚುತ್ತದೆ. ಆದ್ದರಿಂದ ನಿಮ್ಮೂರಿಗೆ ಹೊಂದುವುದು ತಿರುಗುಮುರುಗಾದ ದಾರಿ: ಬಯೋಸ್‌ನ ಕರ್ವ್ ಆಪ್ಟಿಮೈಸರಿನಲ್ಲಿ ವೋಲ್ಟೇಜನ್ನು ಮೆಲ್ಲಗೆ ತಗ್ಗಿಸುವುದು. ಹಾಗೆ ತಗ್ಗಿಸಿದಾಗ ಬಿಸಿ ಇಳಿಯುತ್ತದೆ, ಇಳಿದ ಜಾಗದಲ್ಲಿ ಚಿಪ್ಪು ತಾನಾಗಿಯೇ ಇನ್ನಷ್ಟು ವೇಗ ಹಿಡಿಯುತ್ತದೆ. ಎಲ್ಲ ಕೋರುಗಳಿಗೂ ಋಣ 10ರಿಂದ ಆರಂಭಿಸಿ, ಒಂದೆರಡು ದಿನ ಬಳಸಿ ನೋಡಿ, ಆಮೇಲೆ 15ಕ್ಕೆ, ಮುಂದೆ 20ಕ್ಕೆ ಹೋಗಿ. ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಭಾರದ ಪರೀಕ್ಷೆಗಳನ್ನೆಲ್ಲ ಗಂಟೆಗಟ್ಟಲೆ ದಾಟಿದ ಯಂತ್ರ, ರಾತ್ರಿ ಸುಮ್ಮನೆ ಒಂದು ಪುಟ ತೆರೆದಿಟ್ಟಿದ್ದಾಗ ತಾನಾಗಿ ರೀಸ್ಟಾರ್ಟ್ ಆಗಬಹುದು, ಏಕೆಂದರೆ ಕೆಲಸ ಹಗುರವಾಗಿರುವಾಗಲೇ ಒಂದೊಂದು ಕೋರು ತನ್ನ ಅತಿ ಹೆಚ್ಚಿನ ವೇಗಕ್ಕೆ ನೆಗೆಯುತ್ತದೆ. ಹಾಗಾದರೆ ಐದು ಅಂಕ ಹಿಂದಕ್ಕೆ ಬನ್ನಿ.

7600ರ ಜೊತೆ ಬರುವ ಚಿಕ್ಕ ಕೂಲರು ಡಿಸೆಂಬರಿಗೆ ಸಾಕು, ಮೇ ತಿಂಗಳಿಗೆ ಸಾಲದು. ನಾಲ್ಕು ಹೀಟ್‌ಪೈಪುಗಳೂ 120 ಮಿಲಿಮೀಟರಿನ ಫ್ಯಾನೂ ಇರುವ ಗೋಪುರದಾಕಾರದ ಏರ್ ಕೂಲರ್ ಕೊಳ್ಳಿ. ಇಂಥವು ಸಾಮಾನ್ಯವಾಗಿ 155 ಮಿಲಿಮೀಟರ್ ಆಸುಪಾಸು ಎತ್ತರವಿರುವುದರಿಂದ ಕ್ಯಾಬಿನೆಟ್ಟು ಎಷ್ಟು ಎತ್ತರದ ಕೂಲರನ್ನು ಹಿಡಿಸುತ್ತದೆಯೆಂದು ಮೊದಲೇ ನೋಡಿಕೊಳ್ಳಿ. ಕ್ಯಾಬಿನೆಟ್ಟಿನ ಮುಂಭಾಗ ಗಾಜಿನದ್ದಾಗದೆ ಜಾಲರಿಯದ್ದಾಗಿರಲಿ. ಕೂಲರಿನ ತಳಕ್ಕೆ ಅಂಟಿಸಿರುವ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತ ಮೇಲೆಯೇ ಜೋಡಿಸಿ. ಒಬ್ಬ ಹುಡುಗನ ಯಂತ್ರ ಬಯೋಸ್‌ನಲ್ಲಿ ಸುಮ್ಮನೆ ಕುಳಿತಿದ್ದಾಗಲೇ 90 ಡಿಗ್ರಿ ದಾಟುತ್ತಿದೆಯೆಂದು ನನ್ನ ಬಳಿ ತಂದಿದ್ದ. ತಿರುಪು ಬಿಚ್ಚಿ ಎತ್ತಿದರೆ ಥರ್ಮಲ್ ಪೇಸ್ಟು ಆ ಹಾಳೆಯ ಮೇಲೆ ನೀಟಾಗಿ ಹರಡಿಕೊಂಡಿತ್ತು, ತಾಮ್ರಕ್ಕೆ ಒಂದು ಚುಕ್ಕಿಯೂ ತಾಗಿರಲಿಲ್ಲ.

ಕ್ಯಾಬಿನೆಟ್ಟಿನ ಜೊತೆಗೆ ಉಚಿತವಾಗಿ ಬರುವ ಎಸ್‌ಎಂಪಿಎಸ್ ಮಾತ್ರ ಯಾವ ಕಾರಣಕ್ಕೂ ಬೇಡ. ಉಳಿದೆಲ್ಲ ಭಾಗಗಳ ಪ್ರಾಣ ಅದರ ಕೈಯಲ್ಲಿರುತ್ತದೆ. ಮುಂದಿನ ವರ್ಷದ ಗ್ರಾಫಿಕ್ಸ್ ಕಾರ್ಡನ್ನೂ ಲೆಕ್ಕಕ್ಕೆ ಹಿಡಿದು 650 ವ್ಯಾಟಿನದನ್ನು, ಕನಿಷ್ಠ ಐದು ವರ್ಷದ ವಾರಂಟಿ ಇರುವಂಥದ್ದನ್ನು ಪ್ರತ್ಯೇಕವಾಗಿ ಕೊಳ್ಳಿ. ಡಬ್ಬದ ಮೇಲಿನ ‘80 ಪ್ಲಸ್’ ಮುದ್ರೆ ಹೇಳುವುದು ದಕ್ಷತೆಯನ್ನಷ್ಟೇ. ಅತಿಪ್ರವಾಹ, ಶಾರ್ಟ್ ಸರ್ಕ್ಯೂಟ್ ಮುಂತಾದವುಗಳಿಂದ ರಕ್ಷಣೆಯಿದೆಯೇ ಎಂಬುದನ್ನು ಬೇರೆಯಾಗಿ ಓದಿ ತಿಳಿಯಬೇಕು. ಮನೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ಪರೀಕ್ಷಿಸಿಕೊಳ್ಳಿ. ಬಯೋಸ್ ಅಪ್‌ಡೇಟ್ ಮಾಡುವಾಗ ಕರೆಂಟು ಹೋದರೆ ಬೋರ್ಡು ಏಳದೆ ಹೋಗಬಹುದಾದ್ದರಿಂದ ಯುಪಿಎಸ್ ಇರಲಿ. ಆದರೆ ಕೆಲವು ಆಧುನಿಕ ಎಸ್‌ಎಂಪಿಎಸ್‌ಗಳು ಅಗ್ಗದ ಚೌಕ ಅಲೆಯ ಯುಪಿಎಸ್‌ಗೆ ಬದಲಾಗುವ ಕ್ಷಣದಲ್ಲಿ ಆರಿಹೋಗುತ್ತವೆ. ಶುದ್ಧ ಸೈನ್ ಅಲೆಯದು ಕೈಗೆಟುಕಿದರೆ ಒಳ್ಳೆಯದು.

ರ‍್ಯಾಮ್ 8 ಜಿಬಿಯ ನಾಲ್ಕು ಬೇಡ, 16 ಜಿಬಿಯ ಎರಡಿರಲಿ. ಈ ಸರಣಿಯ ರೈಜನ್‌ಗಳಿಗೆ ಎಎಂಡಿ ಅಧಿಕೃತವಾಗಿ ಒಪ್ಪುವ ವೇಗ ಎರಡು ಪಟ್ಟಿಗಳಿದ್ದಾಗ 5200, ನಾಲ್ಕಿದ್ದಾಗ ಬರೀ 3600. ಎಕ್ಸ್‌ಪೋ ಪ್ರೊಫೈಲ್ (ಹೆಚ್ಚಿನ ವೇಗಕ್ಕೆ ಒಂದೇ ಸಲಕ್ಕೆ ಹೊಂದಿಸುವ ಎಎಂಡಿಯ ಸಿದ್ಧ ಸೆಟ್ಟಿಂಗು) ಇರುವ 6000ದ ಡಿಡಿಆರ್5 ಜೋಡಿಯನ್ನು ಕೊಂಡು, ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟುಗಳಲ್ಲಿ ಕೂರಿಸಿ. ಮೊದಲ ಸಲ ಆನ್ ಮಾಡಿದಾಗ ಫ್ಯಾನು ತಿರುಗುತ್ತಿದ್ದರೂ ತೆರೆ ಕಪ್ಪಾಗಿಯೇ ಇರುತ್ತದೆ, ರ‍್ಯಾಮಿನ ದೀಪ ಉರಿಯುತ್ತಲೇ ಇರುತ್ತದೆ. ಬೋರ್ಡು ರ‍್ಯಾಮನ್ನು ಪಳಗಿಸಿಕೊಳ್ಳುವ ಹೊತ್ತು ಅದು, ಕೆಲವು ನಿಮಿಷಗಳೇ ಹಿಡಿಯಬಹುದು. ಯಂತ್ರ ಸತ್ತಿತೆಂದು ಗಾಬರಿಯಾಗಿ ಸ್ವಿಚ್ ಆರಿಸಬೇಡಿ, ಆರಿಸಿದರೆ ಅದು ಮತ್ತೆ ಮೊದಲಿನಿಂದ ಶುರುಮಾಡುತ್ತದೆ.

ಎಕ್ಸ್‌ಪೋ ಕೂಡ ಓವರ್‌ಕ್ಲಾಕಿಂಗೇ, ಅದರಿಂದಾದ ಹಾನಿಗೆ ವಾರಂಟಿ ಇಲ್ಲವೆಂದು ಎಎಂಡಿಯೇ ಹೇಳುತ್ತದೆ. 2023ರಲ್ಲಿ ರೈಜನ್ 7 7800ಎಕ್ಸ್3ಡಿಯಂಥ ಕೆಲವು ಚಿಪ್ಪುಗಳು ಸಾಕೆಟ್ಟಿನಲ್ಲೇ ಸುಟ್ಟುಹೋದ ಮೇಲೆ ಎಸ್‌ಒಸಿ ವೋಲ್ಟೇಜಿಗೆ (ಚಿಪ್ಪಿನೊಳಗಿನ ಮೆಮೊರಿ ನಿಯಂತ್ರಕ ಮುಂತಾದವುಗಳಿಗೆ ಹೋಗುವ ವೋಲ್ಟೇಜು) 1.3 ವೋಲ್ಟಿನ ಮಿತಿ ಹಾಕಿದ ಬಯೋಸ್‌ಗಳು ಬಂದವು. ಆದ್ದರಿಂದ ಮೊದಲು ಹೊಸ ಬಯೋಸ್, ಆಮೇಲೆ ಎಕ್ಸ್‌ಪೋ. ಎಸ್‌ಎಸ್‌ಡಿ 500 ಜಿಬಿಯದ್ದಾದರೂ ಸಾಕು, ಆದರೆ ಕಾಲೇಜಿನ ಪ್ರಾಜೆಕ್ಟುಗಳ ಪ್ರತಿ ಬೇರೆಲ್ಲಾದರೂ ಇರಲಿ, ಏಕೆಂದರೆ ಅಸ್ಥಿರವಾದ ರ‍್ಯಾಮು ಫೈಲುಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ಬೆಲೆಗಳು ವಾರವಾರವೂ ಬದಲಾಗುವುದರಿಂದ ನಾನು ಅಂಕಿ ಬರೆಯುತ್ತಿಲ್ಲ. ನಿಮ್ಮೂರಿನಲ್ಲೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ವಿಚಾರಿಸಿ, ಎಲ್ಲಿ ಕೊಂಡರೂ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ನಮೂದಾಗಿರುವ ಜಿಎಸ್‌ಟಿ ಬಿಲ್ ಪಡೆಯಿರಿ.

ಪ್ರಶ್ನೆ: ಪರಿಚಯದವರೊಬ್ಬರು ಎರಡು ವರ್ಷ ಬಳಸಿದ ಕೋರ್ ಐ7-13700ಕೆ ಮತ್ತು ಝಡ್690 ಬೋರ್ಡನ್ನು ಕಡಿಮೆ ಬೆಲೆಗೆ ಕೊಡುತ್ತೇನೆಂದಿದ್ದಾರೆ. ಓವರ್‌ಕ್ಲಾಕಿಂಗ್ ಕಲಿಯಲು ತೆಗೆದುಕೊಳ್ಳಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಜೋಡಿಯೇನೋ ಸರಿಯಾದದ್ದೇ, ‘ಕೆ’ಯೂ ಇದೆ, ‘ಝಡ್’ ಕೂಡ ಇದೆ. ಆದರೆ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಇಂಥ ಚಿಪ್ಪುಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜು ಕೇಳಿ ಪಡೆದು ಕ್ರಮೇಣ ಸವೆಯುತ್ತಿದ್ದವೆಂಬುದು 2024ರಲ್ಲಿ ಖಚಿತವಾಯಿತು. ಆ ವರ್ಷದ ಆಗಸ್ಟಿನಿಂದ ಇಂಟೆಲ್ ಪರಿಹಾರದ ಮೈಕ್ರೋಕೋಡನ್ನು (ಚಿಪ್ಪಿನ ನಡವಳಿಕೆಯನ್ನು ನಿಯಂತ್ರಿಸುವ ಒಳಗಿನ ಸೂಚನೆಗಳು) ಬಯೋಸ್ ಮೂಲಕ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆ ಬಯೋಸ್ ಮುಂದಿನ ಸವೆತವನ್ನು ತಡೆಯುತ್ತದೆಯೇ ವಿನಾ ಆಗಲೇ ಸವೆದದ್ದನ್ನು ಸರಿಪಡಿಸುವುದಿಲ್ಲ. ಸವೆದ ಚಿಪ್ಪಿನಲ್ಲಿ ಓವರ್‌ಕ್ಲಾಕಿಂಗ್ ಕಲಿಯಹೊರಟರೆ ಯಂತ್ರ ನಿಂತಾಗಲೆಲ್ಲ ತಪ್ಪು ನಿಮ್ಮದೋ ಚಿಪ್ಪಿನದೋ ತಿಳಿಯದೆ ಒದ್ದಾಡಬೇಕಾಗುತ್ತದೆ. ಬೋರ್ಡನ್ನು ಮಾತ್ರ ತೆಗೆದುಕೊಂಡು, ಅದೇ ಸಾಕೆಟ್ಟಿಗೆ ಹೊಂದುವ ಕೋರ್ ಐ5-12600ಕೆ ಹುಡುಕುವುದು ಮೇಲು. 12ನೇ ತಲೆಮಾರಿಗೆ ಈ ತೊಂದರೆ ತಟ್ಟಿಲ್ಲ. 13700ಕೆ ಬೇಕೇಬೇಕೆಂದಿದ್ದರೆ ಮೂಲ ಬಿಲ್ ಕೇಳಿ ವಾರಂಟಿ ಎಷ್ಟು ಉಳಿದಿದೆ ನೋಡಿ. ಬಯೋಸನ್ನು ಮೂಲ ಸೆಟ್ಟಿಂಗಿಗೆ ತಂದು, ಅವರ ಮನೆಯಲ್ಲೇ ಅರ್ಧ ಗಂಟೆ 7-ಝಿಪ್ ಎಂಬ ಫೈಲು ಕುಗ್ಗಿಸುವ ತಂತ್ರಾಂಶದ ಬೆಂಚ್‌ಮಾರ್ಕ್ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಹಣ ಕೊಡಬೇಡಿ.