ಹಿಮದ ಹಾದಿಗೆ ಮೈಕ್ರೋಸ್ಪೈಕೋ, ಕ್ರಾಂಪನ್ನೋ?

ಪ್ರಶ್ನೆ: ಈ ಚಳಿಗಾಲದಲ್ಲಿ ಮೊದಲ ಬಾರಿಗೆ ಹಿಮದಲ್ಲಿ ಚಾರಣ ಮಾಡುವ ಆಲೋಚನೆಯಿದೆ. ಬೂಟಿನ ಅಡಿಗೆ ಹಾಕಿಕೊಳ್ಳಲು ಮೈಕ್ರೋಸ್ಪೈಕ್ ಕೊಳ್ಳಬೇಕೇ, ಕ್ರಾಂಪನ್ ಕೊಳ್ಳಬೇಕೇ ಎಂದು ತಿಳಿಯುತ್ತಿಲ್ಲ. ಕ್ರಾಂಪನ್ನಿನ ಮುಳ್ಳುಗಳು ಹೆಚ್ಚು ಉದ್ದವಾದ್ದರಿಂದ ಅದೊಂದಿದ್ದರೆ ಎಲ್ಲ ಕಡೆಗೂ ಸಾಕಲ್ಲವೇ? ನನ್ನಲ್ಲಿರುವುದು ಸುಲಭವಾಗಿ ಬಾಗುವ ಸಾಮಾನ್ಯ ಚಾರಣದ ಬೂಟು.

ಉತ್ತರ: ಸಾಲದು, ಕೆಲವೆಡೆ ಅದರಿಂದ ಅಪಾಯವೂ ಉಂಟು. ಮುಳ್ಳಿನ ಉದ್ದವನ್ನು ಅಳೆಯುವ ಮೊದಲು ನೀವು ನಡೆಯಲಿರುವ ಹಾದಿಯನ್ನು ವಿಚಾರಿಸಿಕೊಳ್ಳಿ. ಅಲ್ಲಿ ಕಾಲು ಜಾರಿದರೆ ಬಿದ್ದಲ್ಲೇ ನಿಲ್ಲುತ್ತೀರೋ, ಕೆಳಗಿನ ಬಂಡೆಯವರೆಗೂ ಜಾರಿಕೊಂಡು ಹೋಗುತ್ತೀರೋ? ಆಯ್ಕೆಯ ಬಹುಪಾಲು ಈ ಒಂದು ಪ್ರಶ್ನೆಯಲ್ಲೇ ಇತ್ಯರ್ಥವಾಗುತ್ತದೆ.

ಬಿದ್ದರೂ ಅಲ್ಲಿಯೇ ನಿಲ್ಲುವಂತಹ, ಜನ ನಡೆದು ಹಿಮ ಗಟ್ಟಿಯಾದ, ನಡುನಡುವೆ ಮಂಜುಗಡ್ಡೆ ಕಟ್ಟಿದ ಹಾದಿಗೆ ಮೈಕ್ರೋಸ್ಪೈಕೇ ಸರಿ. ಬೂಟಿನ ಸುತ್ತ ಎಳೆದು ಹಾಕಿಕೊಳ್ಳುವ ರಬ್ಬರ್ ಪಟ್ಟಿ, ಅಡಿಯಲ್ಲಿ ಸರಪಳಿ, ಅದಕ್ಕೆ ಸುಮಾರು 1 ಸೆಂಟಿಮೀಟರ್ ಉದ್ದದ ಉಕ್ಕಿನ ಮುಳ್ಳುಗಳು: ಇಷ್ಟೇ ಅದರ ರಚನೆ. ಅದು ಪಾದದೊಡನೆ ಬಾಗುವುದರಿಂದ ನಿಮ್ಮ ಮೆತ್ತನೆಯ ಬೂಟಿಗೂ ಹೊಂದುತ್ತದೆ, ನಡಿಗೆಯೂ ಹೆಚ್ಚು ಬದಲಾಗುವುದಿಲ್ಲ. ಆದರೆ ಕಡಿದಾದ ಗಟ್ಟಿ ಹಿಮವನ್ನು ಅಡ್ಡಲಾಗಿ ದಾಟುವಾಗ ಇದೇ ಗುಣ ದೋಷವಾಗುತ್ತದೆ. ಬೂಟು ರಬ್ಬರಿನೊಳಗೆ ಪಕ್ಕಕ್ಕೆ ಸರಿಯುತ್ತದೆ, ಗಿಡ್ಡ ಮುಳ್ಳುಗಳು ಸಾಕಷ್ಟು ಆಳಕ್ಕೆ ಇಳಿಯುವುದಿಲ್ಲ.

ಅಂತಹ ಇಳಿಜಾರಿಗೆ ಕ್ರಾಂಪನ್, ಅಂದರೆ ಬೂಟಿನ ಅಡಿಗೆ ಬಿಗಿಯುವ ಉದ್ದ ಮುಳ್ಳುಗಳ ಲೋಹದ ಚೌಕಟ್ಟು ಬೇಕು. ಇಂಗ್ಲಿಷ್ ಪರ್ವತಾರೋಹಿ ಆಸ್ಕರ್ ಎಕೆನ್‌ಸ್ಟೈನ್ 1908ರಲ್ಲಿ ರೂಪಿಸಿದ 10 ಮುಳ್ಳುಗಳ ಕ್ರಾಂಪನ್ನಿಗೆ 1929ರಲ್ಲಿ ಇಟಲಿಯ ಲೊರಾಂ ಗ್ರಿವೆಲ್ ಮುಂದಕ್ಕೆ ಚಾಚಿದ ಎರಡು ಮುಳ್ಳುಗಳನ್ನು ಸೇರಿಸಿದರು. ಕಡಿದಾದ ಮಂಜುಗಡ್ಡೆಯನ್ನು ನೇರವಾಗಿ ಏರುವವರಿಗೆ ಅವು ಅಗತ್ಯ. ಚಾರಣಿಗರಿಗೆ ಸಾಮಾನ್ಯವಾಗಿ 10 ಮುಳ್ಳುಗಳ, ಪಟ್ಟಿಯಿಂದ ಬಿಗಿಯುವ ಬಗೆ ಸಾಕಾಗುತ್ತದೆ. ಅದಕ್ಕೂ ಅಡಿ ಬಿಗಿಯಾದ ಬೂಟೇ ಬೇಕು. ನಿಮ್ಮ ಬೂಟನ್ನು ಎರಡೂ ಕೈಗಳಿಂದ ಹಿಡಿದು ತಿರುಚಿ ನೋಡಿ. ಸುಲಭವಾಗಿ ಮಣಿದರೆ ಅದಕ್ಕೆ ಕ್ರಾಂಪನ್ ಕಟ್ಟಬೇಡಿ, ಏಕೆಂದರೆ ನಡೆಯುವಾಗ ಬೂಟು ಬಾಗಿ ಕ್ರಾಂಪನ್ ಕಳಚಿಕೊಳ್ಳುತ್ತದೆ. ಕೊಳ್ಳುವಾಗ ಬೂಟನ್ನು ಜೊತೆಗೊಯ್ಯಿರಿ. ಅಳತೆ ಸರಿಯಾಗಿದ್ದರೆ, ಪಟ್ಟಿ ಬಿಗಿಯದೆಯೇ ಬೂಟನ್ನು ಮೇಲೆತ್ತಿ ಮೆಲ್ಲಗೆ ಅಲುಗಿಸಿದರೂ ಕ್ರಾಂಪನ್ ಬೀಳಬಾರದು.

ಸಮತಟ್ಟಾದ ಹಾದಿಯಲ್ಲಿ ಈ ಉದ್ದನೆಯ ಮುಳ್ಳುಗಳೇ ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಬೀಳಿಸುತ್ತವೆ. ಪಾದಗಳನ್ನು ಸ್ವಲ್ಪ ಅಗಲಿಸಿ ನಡೆಯುವ ಅಭ್ಯಾಸ ಬೇಕು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಕ್ರಾಂಪನ್ ಬೇಕಾಗುವಷ್ಟು ಕಡಿದಾದ ಜಾಗದಲ್ಲಿ ಐಸ್ ಆ್ಯಕ್ಸ್ ಎಂಬ ಹಿಮಗೊಡಲಿ ಕೂಡ ಬೇಕು, ಮತ್ತು ಜಾರುವಾಗ ಅದನ್ನು ಹಿಮಕ್ಕೆ ನಾಟಿ ನಿಲ್ಲುವ ವಿದ್ಯೆಯನ್ನು ಬಲ್ಲವರಿಂದ ಮೊದಲೇ ಕಲಿತಿರಬೇಕು. ಅದನ್ನು ಕಲಿಯುವವರೆಗೆ ಸೌಮ್ಯ ಹಾದಿಗಳನ್ನೇ ಆರಿಸಿಕೊಳ್ಳಿ ಎಂದು ಕಳಕಳಿಯಿಂದ ಹೇಳುತ್ತೇನೆ.

ಪ್ರಶ್ನೆ: ಮಧ್ಯಾಹ್ನದ ಹೊತ್ತಿಗೆ ಮುಳ್ಳುಗಳ ಅಡಿಯಲ್ಲಿ ಹಿಮ ಉಂಡೆ ಕಟ್ಟುತ್ತದೆ. ಹೊಸ ಹಿಮ ಬಿದ್ದಾಗಲಂತೂ ಮೊಣಕಾಲಿನವರೆಗೆ ಹುಗಿಯುತ್ತೇನೆ. ಏನು ಮಾಡಲಿ?

ಉತ್ತರ: ಬಿಸಿಲಿಗೆ ಒದ್ದೆಯಾದ ಹಿಮ ಲೋಹಕ್ಕೆ ಅಂಟಿಕೊಂಡು ಪದರ ಪದರವಾಗಿ ಬೆಳೆಯುತ್ತದೆ, ಕೊನೆಗೆ ಮುಳ್ಳು ನೆಲಕ್ಕೆ ತಾಗದೆ ನೀವು ಹಿಮದ ಉಂಡೆಯ ಮೇಲೆಯೇ ನಿಂತಿರುತ್ತೀರಿ. ಹಿಮ ಅಂಟದಂತೆ ತಡೆಯುವ ಪ್ಲಾಸ್ಟಿಕ್ ಅಥವಾ ರಬ್ಬರ್ ತಟ್ಟೆ ಇರುವ ಕ್ರಾಂಪನ್ನನ್ನೇ ಕೊಳ್ಳಿ. ಆಗಲೂ ಉಂಡೆ ಕಟ್ಟಿದರೆ ನಡಿಗೆಯ ಕೋಲಿನಿಂದ ಬೂಟಿನ ಪಕ್ಕಕ್ಕೆ ತಟ್ಟಿ ಉದುರಿಸಿ.

ಹುಗಿಯುವ ಸಮಸ್ಯೆಗೆ ಯಾವ ಮುಳ್ಳೂ ಪರಿಹಾರವಲ್ಲ. ಅಲ್ಲಿ ಬೇಕಾದುದು ದೇಹದ ಭಾರವನ್ನು ಅಗಲವಾಗಿ ಹಂಚುವ ಸ್ನೋ ಶೂ. ಅದನ್ನು ಆರಿಸುವಾಗ ಬೆನ್ನಚೀಲದ ತೂಕವನ್ನೂ ನಿಮ್ಮ ತೂಕಕ್ಕೆ ಸೇರಿಸಿ ಲೆಕ್ಕ ಹಾಕಿ. ಹೊಸ ಹಿಮ ಬಿದ್ದಾಗ ಹಿಮಕುಸಿತದ ಭಯವೂ ಹೆಚ್ಚು. 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿಯೇ ಅದು ಬಹುತೇಕ ಸಂಭವಿಸುವುದರಿಂದ, ಅಂತಹ ಇಳಿಜಾರನ್ನೂ ಅದರ ಬುಡವನ್ನೂ ಬಿಟ್ಟು ಬೇರೆ ದಾರಿ ಹಿಡಿಯಿರಿ.